ಮನೆಮಂದಿಯೆಲ್ಲ ಚರಿತ್ರೆಯ ಸಿನಿಮಾಕ್ಕೆ ಹೊರಟಾಗ

ಹಳ್ಳಿಯ ಮನೆಯಿಂದ ಬೇರೆ ಸಿನಿಮಾಗಳಿಗೆ ಹುಡುಗರಷ್ಟೇ ಹೋಗಿಬರುವುದುಂಟು. ರಾಜರ ಕಾಲದ ಕತೆ ಬಂತೆಂದರೆ ಹಾಗಲ್ಲ. ಮಕ್ಕಳು ಹಟ ಹಿಡಿಯುತ್ತಾರೆ, ಹೆಂಗಸರು ಮನಸ್ಸು ಮಾಡುತ್ತಾರೆ, ಥಿಯೇಟರಿನ ಮೆಟ್ಟಿಲು ಹತ್ತಿ ಎಷ್ಟೋ ವರ್ಷವಾದ ತಾತನೂ ಒಗೆದ ಪಂಚೆ ಉಟ್ಟು ಸಿದ್ಧವಾಗುತ್ತಾರೆ. 1975ರಲ್ಲಿ ತೆರೆಕಂಡ ‘ಮಯೂರ’ವನ್ನು ಡಾ. ರಾಜ್‌ಕುಮಾರ್ ಅವರಿಗಾಗಿ ಮುಗಿಬಿದ್ದು ನೋಡಿದವರು ಈಗ ಅಜ್ಜಿ-ತಾತಂದಿರು. 2025ರ ಅಕ್ಟೋಬರ್ 2ರ ವಿಜಯದಶಮಿಗೆ ‘ಕಾಂತಾರ: ಅಧ್ಯಾಯ 1’ ಬಂದಾಗ ಹಟ ಹಿಡಿದವರು ಅವರ ಮೊಮ್ಮಕ್ಕಳು. ಎರಡೂ ಕದಂಬರ ಕಾಲದ ಹಿನ್ನೆಲೆಯ ಚಿತ್ರಗಳು, ನಡುವೆ 50 ವರ್ಷ. ಮೂರು ತಲೆಮಾರು ಒಂದೇ ಸಾಲಿನಲ್ಲಿ ಕೂತು ನೋಡಲು, ಮನೆಗೆ ಬಂದು ಮಾತಾಡಲು ಇದಕ್ಕಿಂತ ಒಳ್ಳೆಯ ನೆಪ ಸಿಗುವುದು ಕಷ್ಟ.

ಆದರೆ ದಬ್ಬೇಘಟ್ಟದಂಥ ಹೋಬಳಿಯಿಂದ ಆರು ಜನ ಸಿನಿಮಾಕ್ಕೆ ಹೊರಡುವುದು ಸಣ್ಣ ಕೆಲಸವಲ್ಲ. ಕೊಟ್ಟಿಗೆಯಲ್ಲಿ ಹಸು, ಸಂಜೆಗೆ ಡೈರಿ, ತೋಟಕ್ಕೆ ನೀರು, ಕೊನೆಯ ಬಸ್ಸು, ತಾತನ ಮಂಡಿನೋವು, ಚಿಕ್ಕದಕ್ಕೆ ಕತ್ತಲೆಯ ಭಯ, ಎಲ್ಲವನ್ನೂ ಹೊಂದಿಸಿಕೊಳ್ಳಬೇಕು. ಇನ್ನೊಂದು ಮಾತೂ ಇದೆ. ಸಿನಿಮಾ ನೋಡಿದ ಮಾತ್ರಕ್ಕೆ ಮಕ್ಕಳಿಗೆ ಚರಿತ್ರೆ ಬರುವುದಿಲ್ಲ, ಚರಿತ್ರೆಯ ಬಗ್ಗೆ ಪ್ರಶ್ನೆ ಹುಟ್ಟುತ್ತದೆ. ಆ ಪ್ರಶ್ನೆಯನ್ನು ಆರಲು ಬಿಡದೆ ಉತ್ತರದ ಹತ್ತಿರ ಕರೆದುಕೊಂಡು ಹೋಗುವುದು ಮನೆಯವರ ಕೆಲಸ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಆ ಉತ್ತರ ದೂರದಲ್ಲೇನೂ ಇಲ್ಲ. ಹೊರಡುವ ಸಿದ್ಧತೆಯಿಂದ ಹಿಡಿದು ಬಂದಮೇಲೆ ಮಾಡಬೇಕಾದ್ದರವರೆಗೆ ಉಪಯೋಗಕ್ಕೆ ಬರುವ ವಿವರಗಳು ಇಲ್ಲಿವೆ.

ಯಾವ ಆಟಕ್ಕೆ ಹೋಗಬೇಕು?

ಚರಿತ್ರೆಯ ಸಿನಿಮಾಗಳು ಉದ್ದ. ಎರಡೂವರೆ ಗಂಟೆಗೆ ಮುಗಿಯುವುದು ಅಪರೂಪ, ಮೂರು ಗಂಟೆ ಮುಟ್ಟುವುದೂ ಇದೆ. ಜಾಹೀರಾತು, ಇಂಟರ್ವಲ್ ಸೇರಿಸಿದರೆ ಥಿಯೇಟರಿನಲ್ಲೇ ಮೂರೂಕಾಲು ಗಂಟೆ ಹೋಯಿತೆಂದು ಲೆಕ್ಕ ಇಟ್ಟುಕೊಳ್ಳಿ. ಸಿನಿಮಾ ಎಷ್ಟು ಉದ್ದವಿದೆಯೆಂದು ಮೊದಲೇ ನೋಡಿಕೊಂಡರೆ ಮಿಕ್ಕ ಲೆಕ್ಕವೆಲ್ಲ ಅದರ ಹಿಂದೆ ಬರುತ್ತದೆ.

ಹಾಲು ಹಾಕುವ ಮನೆಯವರಿಗೆ ಬೆಳಗಿನ ಆಟವೇ ವಾಸಿ. ಮುಂಜಾನೆ ಹಾಲು ಕರೆದು, ಡೈರಿಗೆ ಹಾಕಿ, ಹಸುಗಳಿಗೆ ಮೇವು ನೀರು ಮಾಡಿ ಹೊರಟರೆ ಹತ್ತೂವರೆ ಹನ್ನೊಂದರ ಆಟಕ್ಕೆ ತಿಪಟೂರು ಸೇರಬಹುದು. ಆಟ ಬಿಟ್ಟಮೇಲೆ ಪೇಟೆಯಲ್ಲೇ ಊಟ ಮಾಡಿ, ಸಂಜೆ ಹಾಲಿನ ಹೊತ್ತಿಗೆ ಮನೆ ಸೇರಬಹುದು. ಮ್ಯಾಟಿನಿಗೆ ಹೋದರೆ ಸಂಜೆ ಹಾಲು ಕರೆಯಲು ಪಕ್ಕದ ಮನೆಯವರಿಗೆ ಹೇಳಿಟ್ಟೇ ಹೊರಡಬೇಕು. ಫಸ್ಟ್ ಶೋ, ಸೆಕೆಂಡ್ ಶೋಗಳನ್ನು ಸ್ವಂತ ವಾಹನ ಇದ್ದವರು ಮಾತ್ರ ಯೋಚಿಸಿ. ಮಕ್ಕಳನ್ನೂ ವಯಸ್ಸಾದವರನ್ನೂ ಕಟ್ಟಿಕೊಂಡು ರಾತ್ರಿ ಹೊತ್ತು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವ ಪಾಡು ಬೇಡ.

ಕಾಯಿ ಕೀಳಿಸುವ ದಿನ, ಕೊಬ್ಬರಿ ಸುಲಿಸುವ ದಿನ, ಆಳು ಸಿಕ್ಕ ದಿನ ಸಿನಿಮಾ ಇಟ್ಟುಕೊಳ್ಳಬೇಡಿ. ಯಾರಾದರೊಬ್ಬರು ಮನೆಯಲ್ಲಿ ಉಳಿಯಬೇಕಾಗುತ್ತದೆ. ಹಾಗೆ ಉಳಿಯುವವರು ಹೆಚ್ಚಾಗಿ ಮನೆಯ ಹೆಂಗಸರೇ. ಎಲ್ಲರೂ ಹೊರಡಬಹುದಾದ ದಿನವನ್ನೇ ಹುಡುಕಿ. ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಹರಾಜಿರುವ ದಿನ ಪೇಟೆಯಲ್ಲಿ ಜನ, ಗಾಡಿ ಎರಡೂ ಹೆಚ್ಚು. ಮಂಡಿಯಲ್ಲಿ ಕೆಲಸವಿಲ್ಲದಿದ್ದರೆ ಆ ದಿನ ಬಿಡುವುದು ಒಳ್ಳೆಯದು.

ಬಿಡುಗಡೆಯಾದ ಮೊದಲ ಮೂರು ದಿನ ಅಭಿಮಾನಿಗಳ ಸಂಭ್ರಮ. ಶಿಳ್ಳೆ, ಕಾಗದದ ಚೂರು, ಪಟಾಕಿ. ಹುಡುಗರಿಗೆ ಅದೇ ಹಬ್ಬ, ಮನೆಮಂದಿಗೆ ಅದು ಸರಿಹೊಂದುವುದಿಲ್ಲ. ಸೋಮವಾರ ಕಳೆಯಲಿ. ನೋಡಿ ಬಂದವರಿಂದ ಹೊಡೆದಾಟ ಎಷ್ಟಿದೆ, ಹೆದರುವಂಥದ್ದು ಏನಿದೆ ಅನ್ನುವುದೂ ಅಷ್ಟರಲ್ಲಿ ಗೊತ್ತಾಗಿರುತ್ತದೆ.

ಹೋಗುವ ದಾರಿಗೆ ಶಕ್ತಿ ಯೋಜನೆ ನೆನಪಿರಲಿ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾರಿಗೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಅಜ್ಜಿಯ ಕೈಯಲ್ಲೂ ಇರಬೇಕು. ಖಾಸಗಿ ಬಸ್ಸಿಗೆ ಇದು ನಡೆಯುವುದಿಲ್ಲ. ತುಮಕೂರಿನ ಮಲ್ಟಿಪ್ಲೆಕ್ಸಿಗೆ ಹೋಗುವುದಾದರೆ ತಿಪಟೂರಿನಿಂದ ರೈಲೂ ಇದೆ. ಮಂಡಿನೋವಿನವರಿಗೆ ಬಸ್ಸಿಗಿಂತ ರೈಲು ಹಿತ.

ಸರ್ಟಿಫಿಕೇಟ್ ನೋಡದೆ ಟಿಕೆಟ್ ಬೇಡ

ಚರಿತ್ರೆಯ ಸಿನಿಮಾ ಅಂದಕೂಡಲೇ ಮಕ್ಕಳಿಗೆ ಒಳ್ಳೆಯದೇ ಎಂದು ನಂಬಿಬಿಡುತ್ತೇವೆ. ಇತ್ತೀಚಿನ ಯುದ್ಧದ ದೃಶ್ಯಗಳು ಹಳೆಯ ಕತ್ತಿವರಸೆಯಂಥವಲ್ಲ. ರಕ್ತ, ಚಿತ್ರಹಿಂಸೆ, ತಲೆ ಉರುಳುವುದು ಎಲ್ಲವೂ ಹತ್ತಿರದಿಂದ ಕಾಣುತ್ತವೆ, ಕಿವಿಗೆ ಅಪ್ಪಳಿಸುತ್ತವೆ.

2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿಯಾಗಿ, 2024ರ ಹೊಸ ನಿಯಮಗಳಲ್ಲಿ ಹಳೆಯ ‘ಯು/ಎ’ ಮೂರು ಭಾಗವಾಗಿದೆ: ‘ಯುಎ 7+’, ‘ಯುಎ 13+’, ‘ಯುಎ 16+’. ‘ಯು’ ಎಲ್ಲರಿಗೂ ಸರಿ. ‘ಎ’ ಇದ್ದರೆ 18 ತುಂಬದವರನ್ನು ಒಳಗೆ ಬಿಡುವುದಿಲ್ಲ, ಅಪ್ಪ-ಅಮ್ಮ ಜೊತೆಗಿದ್ದರೂ ಬಿಡುವುದಿಲ್ಲ. ಯುಎ ಹಾಗಲ್ಲ. ಅದು ತಂದೆತಾಯಿಗೆ ಕೊಟ್ಟ ಎಚ್ಚರಿಕೆ, ತೀರ್ಮಾನ ನಿಮ್ಮದು. ‘ಯುಎ 16+’ ಇರುವ ಚಿತ್ರಕ್ಕೆ ಎಂಟು ವರ್ಷದ ಮಗುವನ್ನು ಕರೆದೊಯ್ದರೆ ಗೇಟಿನಲ್ಲಿ ಯಾರೂ ತಡೆಯಲಿಕ್ಕಿಲ್ಲ, ಆದರೆ ರಾತ್ರಿ ಬೆಚ್ಚಿಬಿದ್ದು ಏಳುವ ಮಗು ನಿಮ್ಮದೇ. ಪೋಸ್ಟರಿನ ಮೂಲೆಯಲ್ಲಿ, ಟಿಕೆಟ್ ಬುಕ್ ಮಾಡುವ ಆ್ಯಪಿನಲ್ಲಿ ಈ ಗುರುತು ಇರುತ್ತದೆ. ಅದರ ಜೊತೆಗೆ ಟ್ರೈಲರನ್ನೂ ಮನೆಯ ದೊಡ್ಡವರು ಒಮ್ಮೆ ನೋಡಲಿ.

ಎರಡು ಮೂರು ವರ್ಷದೊಳಗಿನ ಕೂಸುಗಳನ್ನು ಇಂಥ ಸಿನಿಮಾಕ್ಕೆ ಒಯ್ಯದಿರುವುದೇ ಮೇಲು. ನಗಾರಿ, ಕುದುರೆ ಗೊರಸು, ಫಿರಂಗಿಯ ಸದ್ದು ಅವುಗಳ ಕಿವಿಗೆ ವಿಪರೀತ. ಒಯ್ಯಲೇಬೇಕಾದರೆ ಸ್ಪೀಕರಿನಿಂದ ದೂರ, ಬಾಗಿಲಿನ ಹತ್ತಿರ ಕೂರಿ.

ಟಿಕೆಟ್, ಸೀಟು, ತಿಂಡಿ

ಟಿಕೆಟ್ ದರದ ಮೇಲೆ ಜಿಎಸ್‌ಟಿ ಬೀಳುತ್ತದೆ. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್ಟಿಗೆ ಶೇ 5, ಅದಕ್ಕಿಂತ ಹೆಚ್ಚಿನದಕ್ಕೆ ಶೇ 18. ಅಂದರೆ 100ರ ಟಿಕೆಟ್ 105 ಆಗುತ್ತದೆ, 200ರದು 236. ಆರು ಜನಕ್ಕೆ ಒಂದು ಕಡೆ 630, ಇನ್ನೊಂದು ಕಡೆ 1,416 ರೂಪಾಯಿ. ಆನ್‌ಲೈನಿನಲ್ಲಿ ತೆಗೆದರೆ ಅದರ ಶುಲ್ಕ ಬೇರೆ. ರಾಜ್ಯ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ದೊಡ್ಡ ಸಿನಿಮಾಗಳಿಗೆ ಮೊದಲ ವಾರ ದರ ಏರಿಸುವುದೂ ಇದೆ. ಹೊರಡುವ ಮುನ್ನವೇ ದರ ವಿಚಾರಿಸಿಕೊಳ್ಳಿ. ನಮ್ಮ ಪೇಟೆಯ ಒಂಟಿ ತೆರೆಯ ಚಿತ್ರಮಂದಿರಗಳಲ್ಲಿ ದೊಡ್ಡ ಕುಟುಂಬಕ್ಕೆ ಕೈಗೆಟುಕುವ ದರ ಇರುತ್ತದೆ, ಪರದೆಯೂ ದೊಡ್ಡದಿರುತ್ತದೆ. ಸೈನ್ಯ, ಕೋಟೆ, ಕಾಡು ನೋಡಲು ದೊಡ್ಡ ಪರದೆಯೇ ಬೇಕು.

ಸೀಟು ಹಿಂದಿನ ಸಾಲುಗಳಲ್ಲಿ, ನಡುವಿಗೆ ಹತ್ತಿರವಾಗಿ ಇರಲಿ. ಮುಂದಿನ ಸಾಲಿನಲ್ಲಿ ಕತ್ತೆತ್ತಿ ಕೂತರೆ ವಯಸ್ಸಾದವರಿಗೆ ಕತ್ತುನೋವು ಗ್ಯಾರಂಟಿ. ತಾತನಿಗೆ ದಾರಿ ಪಕ್ಕದ ಸೀಟು ಕೊಡಿ, ಎದ್ದುಹೋಗಲು ಅನುಕೂಲ. ಬಾಲ್ಕನಿಯಾದರೆ ಮೆಟ್ಟಿಲು ಎಷ್ಟಿದೆ ಕೇಳಿಕೊಳ್ಳಿ. ದೀಪ ಆರುವ ಮುಂಚೆಯೇ ಅವರನ್ನು ಕೂರಿಸಿ. ಕತ್ತಲಲ್ಲಿ ಮೆಟ್ಟಿಲು ಕಾಣದೆ ಎಡವುವುದೇ ಹೆಚ್ಚು. ಮಕ್ಕಳು ಇಬ್ಬರು ದೊಡ್ಡವರ ನಡುವೆ ಇರಲಿ, ಅಜ್ಜಿಯ ಪಕ್ಕ ಒಂದು ಮಗು ಇರಲೇಬೇಕು.

ಹೊರಗಿನ ತಿಂಡಿ ಬೇಡವೆನ್ನುವ ಅಧಿಕಾರ ಥಿಯೇಟರಿನವರಿಗೆ ಇದೆಯೆಂದು ಸುಪ್ರೀಂ ಕೋರ್ಟು 2023ರ ಜನವರಿಯಲ್ಲಿ ಹೇಳಿದೆ. ಅದೇ ತೀರ್ಪಿನಲ್ಲಿ ಎರಡು ಮಾತು ನಮ್ಮ ಪರವಾಗಿವೆ. ಶುದ್ಧ ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕು, ಎಳೆಮಕ್ಕಳಿಗೆ ತಂದ ಆಹಾರವನ್ನು ತಡೆಯಬಾರದು. ಕೋಡುಬಳೆ, ಚಕ್ಕುಲಿ, ಕೊಬ್ಬರಿ ಮಿಠಾಯಿ ಡಬ್ಬಿ ತಂದಿದ್ದರೆ ಆಟಕ್ಕೆ ಮುಂಚೆ ಹೊರಗೇ ತಿಂದು ಒಳಗೆ ಹೋಗಿ. ಸಕ್ಕರೆ ಕಾಯಿಲೆಯವರು ಹಸಿದು ಕೂರಬಾರದು, ಮಾತ್ರೆಯ ಹೊತ್ತು ತಪ್ಪಿಸಬಾರದು. ಇಂಟರ್ವಲ್ಲಿನಲ್ಲಿ ಶೌಚಾಲಯದ ಸಾಲು ಉದ್ದ, ಹೆಂಗಸರ ಕಡೆ ಇನ್ನೂ ಉದ್ದ. ಅಜ್ಜಿಯನ್ನು ಇಂಟರ್ವಲ್ಲಿಗೆ ಐದು ನಿಮಿಷ ಮುಂಚೆಯೇ ಕರೆದುಕೊಂಡು ಹೋಗಿಬಂದರೆ ನಿರಾಳ.

ಹಿಂದಿನ ರಾತ್ರಿಯ ಹದಿನೈದು ನಿಮಿಷ

ಊಟವಾದಮೇಲೆ ಹದಿನೈದು ನಿಮಿಷ ಎಲ್ಲರೂ ಕೂತು ಮೂರು ವಿಷಯ ಮಾತಾಡಿ: ಯಾವ ಕಾಲ, ಯಾವ ಸೀಮೆ, ಯಾರಿಗೂ ಯಾರಿಗೂ ಜಗಳ. ಇಷ್ಟು ಗೊತ್ತಿದ್ದರೆ ಸಿನಿಮಾದ ಮೊದಲ ಅರ್ಧ ಗಂಟೆ ಮಕ್ಕಳು ‘ಇವನ್ಯಾರು, ಅವನ್ಯಾರು’ ಎಂದು ಕಂಗಾಲಾಗುವುದಿಲ್ಲ.

ಇಸವಿ ಹೇಳಿದರೆ ಮಕ್ಕಳಿಗೆ ಏನೂ ಹೊಳೆಯುವುದಿಲ್ಲ. ತಲೆಮಾರಿನಲ್ಲಿ ಹೇಳಿ. ಒಂದು ತಲೆಮಾರಿಗೆ 25 ವರ್ಷ ಹಿಡಿಯಿರಿ. ಅಪ್ಪ, ತಾತ, ಮುತ್ತಾತ ಎಂದು ಬೆರಳು ಮಡಿಸುತ್ತ ಎಂಟಕ್ಕೆ ಬಂದರೆ ಕಿತ್ತೂರಿನ ಚೆನ್ನಮ್ಮ. ಆಕೆಯ ಸೈನ್ಯ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥ್ಯಾಕರೆಯನ್ನು ಬೀಳಿಸಿದ್ದು 1824ರ ಅಕ್ಟೋಬರಿನಲ್ಲಿ. ಇಪ್ಪತ್ತಕ್ಕೆ ಹೋದರೆ 1509ರಲ್ಲಿ ಪಟ್ಟವೇರಿದ ಕೃಷ್ಣದೇವರಾಯ. ಮೂವತ್ತಾರಕ್ಕೆ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ, 1117. ನಾಲ್ಕನೇ ಶತಮಾನದ ಕದಂಬ ಮಯೂರಶರ್ಮನನ್ನು ಮುಟ್ಟಲು ಅರವತ್ತೈದು ದಾಟಬೇಕು. ಮಗು ತನ್ನ ಬೆರಳುಗಳಲ್ಲೇ ಎಣಿಸಿದ ದೂರ ಮರೆಯುವುದಿಲ್ಲ.

ಕೊನೆ ದುಃಖದ್ದಾದರೆ ಸಣ್ಣ ಮಕ್ಕಳಿಗೆ ಮೊದಲೇ ಹೇಳಿಬಿಡಿ. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. 2012ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ದಂಥ ಚಿತ್ರಕ್ಕೆ ಹೋಗುವ ಮಗುವಿಗೆ ಇದು ತಿಳಿದಿರಬೇಕು. ತಿಳಿದಿದ್ದರೂ ಅಳು ಬರುತ್ತದೆ, ಬರಲಿ. ಏನೂ ತಿಳಿಯದೆ ಕತ್ತಲಲ್ಲಿ ಗಲ್ಲುಮರ ನೋಡುವುದಕ್ಕೂ, ಅವನು ಯಾಕೆ ಸತ್ತ ಎಂದು ತಿಳಿದು ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಆ ಹದಿನೈದು ನಿಮಿಷದಲ್ಲಿ ಅಜ್ಜಿ-ತಾತಂದಿರಿಗೂ ಮಾತಾಡಲು ಬಿಡಿ. 1960ರ ‘ರಣಧೀರ ಕಂಠೀರವ’, 1961ರ ‘ಕಿತ್ತೂರು ಚೆನ್ನಮ್ಮ’, 1970ರ ‘ಶ್ರೀಕೃಷ್ಣದೇವರಾಯ’ ಅವರ ಕಾಲದವು. ಟೆಂಟ್ ಸಿನಿಮಾದಲ್ಲಿ ಮರಳಿನ ಮೇಲೆ ಕೂತು ನೋಡಿದವರೂ ಇದ್ದಾರೆ. ಅದಕ್ಕಿಂತ ಹಿಂದೆ ಈ ಸೀಮೆಗೆ ರಾಜರನ್ನು ತೋರಿಸಿದ್ದು ನಾಟಕ ಕಂಪನಿಗಳು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ನಮ್ಮ ತುಮಕೂರು ಜಿಲ್ಲೆಯದೇ. ಆ ಕಂಪನಿಯ ರಂಗದಲ್ಲಿ ಪಳಗಿದ ರಾಜ್‌ಕುಮಾರ್ ನಾಯಕರಾಗಿ ಮೊದಲು ಕಾಣಿಸಿಕೊಂಡ 1954ರ ‘ಬೇಡರ ಕಣ್ಣಪ್ಪ’ದ ಹಿಂದೆಯೂ ಗುಬ್ಬಿ ವೀರಣ್ಣನವರಿದ್ದರು. ಇವತ್ತಿಗೂ ಊರೂರಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ ‘ಕುರುಕ್ಷೇತ್ರ’ ಕಲಿಯುವ ಜನ ನಾವು. ಬಣ್ಣ ಹಚ್ಚಿದ ತಾತನಿಗೆ ಪರದೆಯ ಮೇಲಿನ ರಾಜನ ನಿಲುವು, ನಡಿಗೆ, ಮಾತಿನ ಏರಿಳಿತದ ಬಗ್ಗೆ ಹೇಳಲು ಬೇಕಾದಷ್ಟಿರುತ್ತದೆ.

ಥಿಯೇಟರಿನ ಒಳಗೆ

ಮಗು ಪ್ರಶ್ನೆ ಕೇಳಿದರೆ ಕಿವಿಯಲ್ಲಿ ಒಂದೇ ಮಾತಿನ ಉತ್ತರ ಕೊಡಿ, ಮಿಕ್ಕಿದ್ದು ಇಂಟರ್ವಲ್ಲಿಗೆ. ಹೆದರಿದರೆ ‘ಹೆದರಬೇಡ’ ಎಂದು ಗದರಿಸಬೇಡಿ. ಕಣ್ಣು ಮುಚ್ಚಿಕೊಳ್ಳಲು ಹೇಳಿ, ಕೈ ಹಿಡಿಯಿರಿ, ಬೇಕಾದರೆ ಐದು ನಿಮಿಷ ಹೊರಗೆ ಕರೆದೊಯ್ಯಿರಿ. ಟಿಕೆಟ್ಟಿನ ದುಡ್ಡು ದಂಡವಾಯಿತೆಂದು ಅಳುವ ಮಗುವನ್ನು ಕೂರಿಸಿಕೊಳ್ಳುವುದು ಮಗುವಿಗೂ ಕಷ್ಟ, ಅಕ್ಕಪಕ್ಕದವರಿಗೂ ಕಷ್ಟ. ಯಾರು ಎದ್ದು ಹೋಗುವವರು ಎಂದು ಗಂಡಹೆಂಡತಿ ಮೊದಲೇ ಮಾತಾಡಿಕೊಳ್ಳಿ. ಪ್ರತಿಸಲವೂ ಅಮ್ಮನೇ ಎದ್ದು ಹೋಗಬೇಕೆಂದೇನಿಲ್ಲ.

ಫೋನು ಜೇಬಿನಲ್ಲಿರಲಿ. ನಾಯಕ ಬಂದ ದೃಶ್ಯವನ್ನು ಸ್ಟೇಟಸ್ಸಿಗೆ ಹಾಕಲು ಹುಡುಗರು ವಿಡಿಯೊ ಮಾಡುತ್ತಾರೆ. 2023ರ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದೆ ಥಿಯೇಟರಿನಲ್ಲಿ ಸಿನಿಮಾ ಚಿತ್ರೀಕರಿಸುವುದು ಅಪರಾಧ. ಮೂರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಕನಿಷ್ಠ ಮೂರು ಲಕ್ಷ ರೂಪಾಯಿ ದಂಡ. ಇದನ್ನು ಮನೆಯ ಹುಡುಗರಿಗೆ ಸ್ಪಷ್ಟವಾಗಿ ಹೇಳಿ ಕರೆದೊಯ್ಯಿರಿ.

ಮಕ್ಕಳ ಕಣ್ಣಿಗೆ ಒಂದು ಕೆಲಸ ಕೊಡಿ. ಅಡುಗೆಮನೆ, ಸಂತೆ, ಹೊಲ ಬರುವ ದೃಶ್ಯಗಳಲ್ಲಿ ಕಾಲಕ್ಕೆ ಸಲ್ಲದ ವಸ್ತು ಏನಿದೆ ಹುಡುಕಲಿ. ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ, ಮುಸುಕಿನ ಜೋಳ, ಕಡಲೆಕಾಯಿ, ಸೀಬೆ, ಪರಂಗಿ ಇವೆಲ್ಲ ಅಮೆರಿಕ ಖಂಡದ ಗಿಡಗಳು. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದಮೇಲೆ ಒಂದೊಂದಾಗಿ ಇಲ್ಲಿಗೆ ಕಾಲಿಟ್ಟವು. ಕದಂಬರ ಅರಮನೆಯಲ್ಲೂ ಹೊಯ್ಸಳರ ಛತ್ರದಲ್ಲೂ ಸಾರಿಗೆ ಖಾರ ಕೊಟ್ಟದ್ದು ಕರಿಮೆಣಸು. ರಾಗಿ, ಹುರುಳಿ, ತೆಂಗು ಆಗಲೂ ಇದ್ದವು. ಫಿರಂಗಿಯ ವಿಷಯವೂ ಹಾಗೆಯೇ. 1520ರ ರಾಯಚೂರು ಕದನದಲ್ಲಿ ಫಿರಂಗಿಗಳು ಗುಡುಗಿದವು, ಹೊಯ್ಸಳ ಅರಸ ವಿಷ್ಣುವರ್ಧನನ ಕಾಲದಲ್ಲಿ ಅವು ಇರಲಿಲ್ಲ. ಹೀಗೆ ಹುಡುಕುವ ಮಗು ಬೇಸರಪಡುವುದಿಲ್ಲ. ಕಂಡದ್ದನ್ನೆಲ್ಲ ನಂಬುವುದೂ ಇಲ್ಲ.

ಕತೆ ಎಷ್ಟು, ಚರಿತ್ರೆ ಎಷ್ಟು?

ಸಿನಿಮಾ ಶುರುವಾಗುವ ಮುಂಚೆ ಪರದೆಯ ಮೇಲೆ ‘ಕತೆಗೆ ಬೇಕಾದಂತೆ ಬದಲಾವಣೆ ಮಾಡಿಕೊಳ್ಳಲಾಗಿದೆ’ ಎಂಬರ್ಥದ ಸಾಲುಗಳು ಬಂದು ಹೋಗುತ್ತವೆ. ಅದನ್ನು ಮಕ್ಕಳಿಗೆ ಓದಿ ಹೇಳಿ. ಬದಲಾಯಿಸುವುದು ಮೋಸವಲ್ಲ, ಕತೆ ಕಟ್ಟುವವರ ಹಕ್ಕು. ಎಲ್ಲಿ ಬದಲಾಯಿಸಿದ್ದಾರೆ ಎಂದು ತಿಳಿದುಕೊಳ್ಳುವುದು ನೋಡುವವರ ಹಕ್ಕು.

‘ಮಯೂರ’ವನ್ನೇ ತೆಗೆದುಕೊಳ್ಳಿ. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ ಆಧರಿಸಿದ ಆ ಚಿತ್ರದಲ್ಲಿ ಮಯೂರ ತಾನು ಯಾರೆಂದು ತಿಳಿಯದೆ ಬೆಳೆದ ರಾಜಕುಮಾರ. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ಒಂದು ಕಲ್ಲಿನ ಕಂಬವಿದೆ. ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಶಾಸನ ಅದರ ಮೇಲಿದೆ. ಅದು ಹೇಳುವುದು ಬೇರೆ. ಮಯೂರಶರ್ಮ ವೇದ ಓದುವ ಮನೆತನದವನು. ಗುರು ವೀರಶರ್ಮನ ಜೊತೆ ಓದಿಗಾಗಿ ಕಂಚಿಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಯಿತು. ಅವಮಾನ ತಾಳದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ, ಶ್ರೀಪರ್ವತದ ಕಾಡು ಸೇರಿ ಬಲ ಕೂಡಿಸಿದ, ಕೊನೆಗೆ ಪಲ್ಲವರೇ ಅವನನ್ನು ಅರಸನೆಂದು ಒಪ್ಪಿಕೊಂಡರು. ಚಿತ್ರದ ರಾಜಕುಮಾರ ತನ್ನ ಹುಟ್ಟಿನ ಹಕ್ಕನ್ನು ಮರಳಿ ಪಡೆಯುತ್ತಾನೆ. ಶಾಸನದ ವಿದ್ಯಾರ್ಥಿ ಇಲ್ಲದ ರಾಜ್ಯವನ್ನು ಕಟ್ಟುತ್ತಾನೆ. ಯಾವುದು ದೊಡ್ಡದು ಎಂದು ಮಕ್ಕಳನ್ನು ಕೇಳಿ ನೋಡಿ, ಚರ್ಚೆ ಬೇಗ ಮುಗಿಯುವುದಿಲ್ಲ. ‘ಕಾಂತಾರ: ಅಧ್ಯಾಯ 1’ ಇನ್ನೊಂದು ಬಗೆಯದು. ಅಲ್ಲಿ ಕದಂಬರ ಕಾಲ ಹಿನ್ನೆಲೆ ಮಾತ್ರ, ಕಾಡಿನ ಜನ ಮತ್ತು ಬಂಗ್ರ ಅರಸರ ಕತೆ ಕಲ್ಪನೆಯದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ನಮ್ಮ ಜಿಲ್ಲೆಗೇ ಸೇರಿದ ಉದಾಹರಣೆಯೂ ಇದೆ. ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರ 1964ರ ‘ಅಮರಶಿಲ್ಪಿ ಜಕಣಾಚಾರಿ’. ಬಿ.ಎಸ್. ರಂಗಾ ಅವರ ಚಿತ್ರ, ಕಲ್ಯಾಣ್‌ಕುಮಾರ್ ಜಕಣಾಚಾರಿ. ತುಮಕೂರು ಹತ್ತಿರದ ಕೈದಾಳವೇ ಜಕಣನ ಊರು ಎಂದು ಜನ ನಂಬುತ್ತಾರೆ. ಬೇಲೂರಿನ ವಿಗ್ರಹದ ಕಲ್ಲಿನಲ್ಲಿ ಕಪ್ಪೆಯಿದೆ ಎಂದು ಮಗ ಡಂಕಣ ತೋರಿಸಿಕೊಟ್ಟದ್ದು, ಜಕಣ ತನ್ನ ಕೈ ಕಡಿದುಕೊಂಡದ್ದು, ಕೈದಾಳದ ಚೆನ್ನಕೇಶವನ ಗುಡಿ ಮುಗಿಸಿದಾಗ ಕೈ ಮರಳಿ ಬಂದದ್ದು, ಈ ಕತೆ ಕೇಳದ ಮಗು ನಮ್ಮಲ್ಲಿಲ್ಲ. ಆದರೆ ಬೇಲೂರಿನ ಶಾಸನಗಳಲ್ಲಿ ಜಕಣಾಚಾರಿಯ ಹೆಸರಿಲ್ಲ. ಅಲ್ಲಿನ ಮದನಿಕೆಗಳ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿದ್ದಾರೆ. ಹಾಗೆಂದು ಅಜ್ಜಿ ಹೇಳಿದ ಕತೆ ಸುಳ್ಳೆಂದು ಮಗು ಎದ್ದು ವಾದಿಸಬೇಕಿಲ್ಲ. ಜನ ತಮ್ಮ ಶಿಲ್ಪಿಗಳನ್ನು ಎಷ್ಟು ಪ್ರೀತಿಸಿದರು ಎನ್ನುವುದಕ್ಕೆ ಐತಿಹ್ಯ ಸಾಕ್ಷಿ, ಆ ಶಿಲ್ಪಿಗಳು ಯಾರು ಎನ್ನುವುದಕ್ಕೆ ಶಾಸನ ಸಾಕ್ಷಿ. ಎರಡೂ ಮನೆಯಲ್ಲಿರಲಿ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಸಿನಿಮಾಕ್ಕೆ ಖಳ ಬೇಕು, ಹಾಗಾಗಿ ಎದುರಾಳಿಯ ಇಡೀ ಕುಲವನ್ನೋ ಧರ್ಮವನ್ನೋ ಕೆಟ್ಟದಾಗಿ ತೋರಿಸುವುದುಂಟು. ಥಿಯೇಟರಿನಿಂದ ಹೊರಬಂದ ಮಗು ಆ ಸಿಟ್ಟನ್ನು ತನ್ನ ಕ್ಲಾಸಿನ ಇನ್ನೊಂದು ಮಗುವಿನ ಮೇಲೆ ತಿರುಗಿಸಬಾರದು. ಅರಸರು ಕಾದಾಡಿದ್ದು ನೆಲಕ್ಕೆ, ಕಪ್ಪಕ್ಕೆ, ಕೋಟೆಗೆ. ವಿಜಯನಗರದ ಇಮ್ಮಡಿ ದೇವರಾಯ ತನ್ನ ಸೈನ್ಯಕ್ಕೆ ಮುಸ್ಲಿಂ ಯೋಧರನ್ನು ಸೇರಿಸಿಕೊಂಡಿದ್ದ. ಬಿಜಾಪುರದ ಇಮ್ಮಡಿ ಇಬ್ರಾಹಿಂ ಆದಿಲ್ ಷಾ ಸರಸ್ವತಿಯನ್ನು ಸ್ತುತಿಸಿ ಹಾಡು ಬರೆದ. ಪಲ್ಲವರೂ ಕದಂಬರೂ ಒಂದೇ ದೇವರುಗಳನ್ನು ಪೂಜಿಸುತ್ತಲೇ ಹೊಡೆದಾಡಿದರು. ಸಂತೆಯಲ್ಲಿ, ಮಂಡಿಯಲ್ಲಿ, ಶಾಲೆಯಲ್ಲಿ ನಮ್ಮ ಜೊತೆಗಿರುವವರು ಸಿನಿಮಾದ ಶತ್ರುಗಳಲ್ಲ ಎಂದು ಅದೇ ದಿನ, ಬಸ್ಸಿನಲ್ಲೇ ಹೇಳಿ.

ಮುಂದಿನ ಭಾನುವಾರ ಕಲ್ಲು ನೋಡಲು

ಸಿನಿಮಾದ ಬಿಸಿ ಮಕ್ಕಳಲ್ಲಿ ಒಂದು ವಾರ ಇರುತ್ತದೆ. ಅದು ಆರುವ ಮುಂಚೆ, ಮುಂದಿನ ಭಾನುವಾರವೇ, ಅವರನ್ನು ನಿಜವಾದ ಹಳೆಯ ವಸ್ತುವಿನ ಎದುರು ನಿಲ್ಲಿಸಿ. ಇದಕ್ಕೆ ಟಿಕೆಟ್ ಬೇಡ. ತುರುವೇಕೆರೆಯಲ್ಲೇ 13ನೇ ಶತಮಾನದ ಎರಡು ಹೊಯ್ಸಳ ಗುಡಿಗಳಿವೆ, ಮೂಲೆ ಶಂಕರೇಶ್ವರ ಮತ್ತು ಚೆನ್ನಿಗರಾಯ. ಸಂತೆಗೆ, ಆಫೀಸಿಗೆ ಎಂದು ನಾವು ಎಷ್ಟೋ ಸಲ ಅವುಗಳ ಪಕ್ಕದಲ್ಲೇ ಹಾದುಹೋಗಿದ್ದೇವೆ.

ತಿಪಟೂರು ತಾಲ್ಲೂಕಿನ ಅರಳಗುಪ್ಪೆಗೆ ಹೋದರೆ ಎರಡು ಕಾಲಗಳನ್ನು ಒಂದೇ ಊರಲ್ಲಿ ನೋಡಬಹುದು. ಕಲ್ಲೇಶ್ವರ ಗುಡಿ 9ನೇ ಶತಮಾನದ್ದು. ಒಳಗೆ ತಲೆಯೆತ್ತಿದರೆ ಛಾವಣಿಯಲ್ಲಿ ಕುಣಿಯುವ ಶಿವ, ಸುತ್ತ ಅಷ್ಟದಿಕ್ಪಾಲಕರು. ಚೆನ್ನಕೇಶವ ಗುಡಿ 13ನೇ ಶತಮಾನದ ಹೊಯ್ಸಳರದು, ನಕ್ಷತ್ರದ ತಳವಿನ್ಯಾಸ. ಮೊದಲನೆಯದರ ಗಟ್ಟಿ ಕಲ್ಲಿಗೂ ಎರಡನೆಯದರ ಮೃದುವಾದ ಬಳಪದ ಕಲ್ಲಿಗೂ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ನೊಣವಿನಕೆರೆ ಬಳಿಯ ವಿಘ್ನಸಂತೆಯ ಲಕ್ಷ್ಮೀನರಸಿಂಹ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯ ಯೋಗಮಾಧವ ಗುಡಿಗಳೂ ಆ ಶತಮಾನದವೇ. ಗಡಿ ದಾಟಿ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋದರೆ 1246ರ ಲಕ್ಷ್ಮೀನರಸಿಂಹ ಗುಡಿಯ ಹೊರಗೋಡೆಯಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಶಿಲ್ಪಿಗಳ ಹೆಸರು ಹುಡುಕಬಹುದು.

ಅಷ್ಟು ದೂರವೂ ಹೋಗಲಾಗದಿದ್ದರೆ ನಿಮ್ಮೂರ ವೀರಗಲ್ಲು ಸಾಕು. ಕೆರೆ ಏರಿಯ ಮೇಲೋ, ಗುಡಿಯ ಹಿಂದೋ, ತೋಟದ ಬದುವಿನಲ್ಲೋ ಒಂದು ಇದ್ದೇ ಇರುತ್ತದೆ. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ: ಕತ್ತಿ, ಗುರಾಣಿ, ಬಿಲ್ಲು, ಕೆಲವು ಕಡೆ ದನಗಳ ಹಿಂಡು. ನಡುವಿನ ಪಟ್ಟಿಯಲ್ಲಿ ಸತ್ತ ವೀರನನ್ನು ಎರಡೂ ಪಕ್ಕ ಅಪ್ಸರೆಯರು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲಿನ ಪಟ್ಟಿಯಲ್ಲಿ ಅವನು ಲಿಂಗದ ಮುಂದೆ ಕೂತಿದ್ದಾನೆ, ತಲೆಯ ಮೇಲೆ ಸೂರ್ಯ ಚಂದ್ರ. ಪಟ್ಟಿಗಳ ನಡುವೆ ಅಕ್ಷರಗಳಿದ್ದರೆ ನೆತ್ತಿಯ ಬಿಸಿಲಿನಲ್ಲಿ ಕಾಣುವುದಿಲ್ಲ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ನೋಡಿ, ಇಲ್ಲವೇ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ, ಗೆರೆಗಳು ಎದ್ದು ಬರುತ್ತವೆ. ಬಣ್ಣ, ಸುಣ್ಣ, ಎಣ್ಣೆ ಏನನ್ನೂ ಹಚ್ಚಬೇಡಿ. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1904ರಲ್ಲೇ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೇ ಸಂಪುಟವಾಗಿ ಪ್ರಕಟಿಸಿದ್ದಾರೆ. ನಿಮ್ಮೂರ ಹೆಸರು ಅದರಲ್ಲಿದೆಯೇ ಎಂದು ಊರಿನ ಮೇಷ್ಟ್ರ ನೆರವಿನಿಂದ ಹುಡುಕಿ.

ಸಿನಿಮಾದ ವೀರನಿಗೆ ನೂರು ಜನ ಸೇರಿ ಬೆಳಕು ಚೆಲ್ಲಿರುತ್ತಾರೆ. ಊರಿನ ದನ ಕಾಯಲು ಹೋಗಿ ಸತ್ತ ವೀರನಿಗೆ ಊರವರು ಒಂದು ಕಲ್ಲು ನಿಲ್ಲಿಸಿದರು, ಅದು ಇಂದಿಗೂ ನಿಂತಿದೆ. ಮಗು ಎರಡನ್ನೂ ನೋಡಬೇಕು.

ನೆನಪಿಡಬೇಕಾದ್ದು

• ಉದ್ದ, ಸರ್ಟಿಫಿಕೇಟ್, ಟಿಕೆಟ್ ದರ: ಮೂರನ್ನೂ ಹಿಂದಿನ ದಿನವೇ ನೋಡಿ.
• ಹಾಲಿನ ಮನೆಯವರಿಗೆ ಬೆಳಗಿನ ಆಟ. ಮನೆಯಲ್ಲಿ ಯಾರೂ ಉಳಿಯಬೇಕಾಗದ ದಿನ ಆರಿಸಿ.
• ಹೆಂಗಸರ ಗುರುತಿನ ಚೀಟಿ, ಹಿರಿಯರ ಮಾತ್ರೆ, ಕನ್ನಡಕ, ಎಳೆಮಕ್ಕಳ ಆಹಾರ ಚೀಲದಲ್ಲಿರಲಿ.
• ಹಿರಿಯರಿಗೆ ದಾರಿ ಪಕ್ಕದ ಸೀಟು, ಮಕ್ಕಳು ದೊಡ್ಡವರ ನಡುವೆ.
• ಹಿಂದಿನ ರಾತ್ರಿ ಕಾಲ, ಸೀಮೆ, ಜಗಳ ಮೂರನ್ನೂ ಮಾತಾಡಿ.
• ಬಂದಮೇಲೆ ಪ್ರತಿಯೊಬ್ಬರೂ ಒಂದು ಪ್ರಶ್ನೆ ಕೇಳಲಿ. ಮಕ್ಕಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಲಿ.
• ಒಂದು ವಾರದೊಳಗೆ ಒಂದು ಹಳೆಯ ಗುಡಿ, ಇಲ್ಲವೇ ವೀರಗಲ್ಲು.

ಮನೆಯಲ್ಲಿ ಟಿವಿ, ಫೋನು ಇರುವಾಗ ಇಷ್ಟು ಕಷ್ಟ ಯಾಕೆ ಎಂದು ಕೇಳುವವರಿದ್ದಾರೆ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಪರದೆ ನೋಡುತ್ತಾರೆ. ಥಿಯೇಟರಿನಲ್ಲಿ ಮೂರು ತಲೆಮಾರು ಒಂದೇ ಕತೆಯನ್ನು ಒಂದೇ ಹೊತ್ತಿಗೆ ನೋಡುತ್ತದೆ, ಆಮೇಲೆ ಮಾತಾಡಲು ಎಲ್ಲರಿಗೂ ಒಂದೇ ವಿಷಯವಿರುತ್ತದೆ. ವರ್ಷಕ್ಕೆ ಒಂದು ಸಲವಾದರೂ ಹೀಗೆ ಹೊರಡಿ. ಪೇಟೆಯ ಚಿತ್ರಮಂದಿರವೂ ಉಳಿಯುತ್ತದೆ, ಊರ ಕಲ್ಲಿನ ಮೇಲೆ ಮಕ್ಕಳ ಕಣ್ಣೂ ಬೀಳುತ್ತದೆ.